ಖಾಲಿ ಉಳಿದಿದ್ದ ಎಂಟು ತೂತು

ಕಂಪ್ಯೂಟರಿನ ಪೆಟ್ಟಿಗೆಯೊಳಗೆ ಹಿಂಬದಿಯ ಮೂಲೆಯಲ್ಲಿ ಒಂದು ತಗಡಿನ ಡಬ್ಬಿ ಇರುತ್ತದೆ, ನೋಡಿದ್ದೀರಾ? ಅದು ನಾನು. ಅಂಗಡಿಯವರು ನನ್ನನ್ನು ಎಸ್‌ಎಂಪಿಎಸ್ ಎಂದು ಕರೆಯುತ್ತಾರೆ. ಗೋಡೆಯಿಂದ ಬರುವ ಒರಟು ಕರೆಂಟನ್ನು ಹದಮಾಡಿ, ಯಾರಿಗೆ ಎಷ್ಟು ಬೇಕೋ ಅಷ್ಟು ಹಂಚುವುದು ನನ್ನ ಕೆಲಸ.

ನಾನು ಹುಟ್ಟಿದ್ದು ಒಂದು ಉದ್ದನೆಯ ಮೇಜಿನ ಮೇಲೆ. ಅಲ್ಲಿ ಸಾಲಾಗಿ ಕೂತ ಹೆಂಗಸರು ನನ್ನ ಬೆನ್ನಿನ ತೂತಿನಿಂದ ಹಳದಿ, ಕೆಂಪು, ಕಿತ್ತಳೆ, ಕಪ್ಪು ತಂತಿಗಳನ್ನು ಹೊರಗೆಳೆದು, ಪ್ರತಿ ಗೊಂಚಲಿನ ತುದಿಗೂ ಒಂದೊಂದು ಪ್ಲಗ್ಗು ಕೂರಿಸಿದರು. ಒಂದಕ್ಕೆ ಇಪ್ಪತ್ನಾಲ್ಕು ತೂತು. ಒಂದಕ್ಕೆ ಎಂಟು, ಅದೂ ನಾಲ್ಕು ನಾಲ್ಕರ ಎರಡು ತುಂಡಾಗಿ. ಇನ್ನೊಂದಕ್ಕೆ ಆರು, ಪಕ್ಕದಲ್ಲಿ ಎರಡರ ಬಾಲ. ಇಷ್ಟೊಂದು ಕೈ ಯಾಕೆ ಬೇಕು ಎಂದು ನನಗೆ ಆಗ ಗೊತ್ತಿರಲಿಲ್ಲ.

ನನ್ನ ಮೊದಲ ಯಜಮಾನ ಹುಬ್ಬಳ್ಳಿಯ ದೇವೇಂದ್ರಪ್ಪ ಪತ್ತಾರ. ಮದುವೆ ಆಲ್ಬಮ್ ಮಾಡುವ ಸ್ಟುಡಿಯೋ ಅವರದು. ಅವರ ಕಂಪ್ಯೂಟರಿನ ಮದರ್‌ಬೋರ್ಡು, ಅಂದರೆ ಎಲ್ಲ ಭಾಗಗಳೂ ಬಂದು ಸೇರುವ ಹಸಿರು ಹಲಗೆ, ನನ್ನ ದೊಡ್ಡ ಪ್ಲಗ್ಗನ್ನು ತೆಗೆದುಕೊಂಡಿತು. ಎಂಟರ ಪ್ಲಗ್ಗಿನಲ್ಲಿ ಅದಕ್ಕೆ ಅರ್ಧ ಸಾಕಾಯಿತು. ಉಳಿದ ಅರ್ಧ ಹಾಗೇ ಜೋತುಬಿದ್ದು ಧೂಳು ತಿನ್ನತೊಡಗಿತು. ಏಳು ವರ್ಷ ನಾನು ಅಲ್ಲಿ ದುಡಿದೆ. ಫೋಟೋದ ಕೆಲಸ ಕಡಿಮೆಯಾಗಿ ಪತ್ತಾರರು ಫ್ಲೆಕ್ಸ್ ಬ್ಯಾನರಿನ ಧಂದೆಗೆ ಇಳಿದಾಗ ಹೊಸ ಯಂತ್ರ ಬಂತು. ನನ್ನ ಆರರ ಪ್ಲಗ್ಗಿನಿಂದ ಕರೆಂಟು ತಿನ್ನುತ್ತಿದ್ದ ಗ್ರಾಫಿಕ್ಸ್ ಕಾರ್ಡನ್ನು, ಅಂದರೆ ಪರದೆಗೆ ಚಿತ್ರ ಮೂಡಿಸುವ ಹಲಗೆಯನ್ನು, ಬಿಚ್ಚಿ ಅದಕ್ಕೆ ಹಾಕಿಕೊಂಡರು. ಹೀಗೆ ಆ ಪ್ಲಗ್ಗೂ ಕೆಲಸವಿಲ್ಲದೆ ಕೂತಿತು. ನಮ್ಮ ಪೆಟ್ಟಿಗೆಯನ್ನು ಅವರು ಬೈಕಿನ ಹಿಂದೆ ಕಟ್ಟಿಕೊಂಡು ಹೋಗಿ ಒಂದು ಬ್ರೈಲ್ ಮುದ್ರಣಾಲಯಕ್ಕೆ ಕೊಟ್ಟುಬಂದರು.

ಬ್ರೈಲ್ ಎಂದರೆ ಕಾಗದದ ಮೇಲೆ ಉಬ್ಬಿದ ಚುಕ್ಕೆಗಳ ಬರಹ. ಕಣ್ಣಿಲ್ಲದವರು ಅದನ್ನು ಬೆರಳಿನಿಂದ ಓದುತ್ತಾರೆ. ಆ ಮುದ್ರಣಾಲಯದಲ್ಲಿ ಇದ್ದವರು ಇಬ್ಬರೇ. ಮ್ಯಾನೇಜರ್ ರೇವಣಸಿದ್ದ ಬಾರಕೇರ, ಮತ್ತು ಹದಿನಾರು ವರ್ಷದಿಂದ ಪ್ರೂಫ್ ನೋಡುತ್ತಿದ್ದ ಇಂದುಮತಿ ಕಟಗಿ. ಇಂದುಮತಿಯವರಿಗೆ ಹುಟ್ಟಿನಿಂದ ಕಣ್ಣು ಕಾಣುವುದಿಲ್ಲ. ನಮ್ಮ ಪೆಟ್ಟಿಗೆಯೇ ಅವರ ಕಂಪ್ಯೂಟರು, ಅದು ಪರದೆಯ ಮೇಲಿನ ಮಾತನ್ನು ಓದಿ ಹೇಳುತ್ತಿತ್ತು, ಅವರು ಕೇಳಿ ತಿದ್ದುತ್ತಿದ್ದರು. ತಿದ್ದಿದ್ದು ಪಕ್ಕದ ದೊಡ್ಡ ಯಂತ್ರಕ್ಕೆ ಹೋಗಿ ಧಡಧಡ ಎಂದು ಚುಕ್ಕೆಯಾಗುತ್ತಿತ್ತು. ಮೇಜು ನಡುಗುತ್ತಿತ್ತು, ನಾನೂ ನಡುಗುತ್ತಿದ್ದೆ. ಆಲ್ಬಮ್ಮಿನ ಕಾಲದಲ್ಲಿ ನನ್ನ ಕರೆಂಟು ಏನಾಗುತ್ತದೆಂದು ನನಗೆ ತಿಳಿಯುತ್ತಲೇ ಇರಲಿಲ್ಲ. ಇಲ್ಲಿ ಅದು ಮೈಗೇ ತಾಗುತ್ತಿತ್ತು.

ಒಂದು ವರ್ಷ ಕಳೆಯಿತು. ಹತ್ತನೆಯ ತರಗತಿಯ ಪರೀಕ್ಷೆಗೆ ಇಪ್ಪತ್ತು ದಿನ ಇದೆ ಎನ್ನುವಾಗ ನಮ್ಮ ಮದರ್‌ಬೋರ್ಡು ಸತ್ತುಹೋಯಿತು. ಸಮಾಜ ವಿಜ್ಞಾನದ ನಾಲ್ಕು ಸಂಪುಟಗಳಲ್ಲಿ ಮೂರು ಅಂಚೆಗೆ ಹೋಗಿದ್ದವು. ಬೇರೆ ಬೇರೆ ಊರಿನ ಇಪ್ಪತ್ತೆರಡು ಮಕ್ಕಳು ನಾಲ್ಕನೆಯದಕ್ಕೆ ಕಾಯುತ್ತಿದ್ದರು. ರಿಪೇರಿಯವನು ಬಂದು ಹೊಸ ಬೋರ್ಡು ಕೂರಿಸಿದ. ತಂತಿ ಜೋಡಿಸುವುದೊಂದು ಬಾಕಿ ಇತ್ತು, ಅಷ್ಟರಲ್ಲಿ ಅವನಿಗೆ ಫೋನು ಬಂತು. ಮಾವನಿಗೆ ಹುಷಾರಿಲ್ಲವಂತೆ, ನಾಳೆ ಬರುತ್ತೇನೆ ಎಂದು ಹೋದ. ನಾಲ್ಕು ದಿನವಾದರೂ ಬರಲಿಲ್ಲ.

ಐದನೆಯ ದಿನ ಬೆಳಿಗ್ಗೆ ಬಾರಕೇರರು ಅಂಗಿಯ ತೋಳು ಮಡಚಿ ನನ್ನ ದೊಡ್ಡ ಪ್ಲಗ್ಗು ಹಿಡಿದರು. ಹಿಂದು ಮುಂದು ನೋಡದೆ ಬೋರ್ಡಿಗೆ ಒತ್ತಿದರು. ಹೋಗಲಿಲ್ಲ. ಇನ್ನೂ ಒತ್ತಿದರು. ಹಲಗೆ ಕರ್ ಎಂದಿತು.

"ಸರ್, ನಿಲ್ರಿ," ಎಂದರು ಇಂದುಮತಿ. "ಅದು ಮುರಿಯೂ ಸಪ್ಪಳ."

"ಮತ್ತ ಏನ್ ಮಾಡೂದ್ರಿ ಅಕ್ಕಾರ? ಇಷ್ಟು ವೈರ್ ನೋಡಿದ್ರ ತಲಿ ತಿರಗತೈತಿ."

"ಗ್ವಾಡಿ ಪ್ಲಗ್ಗು ತಗದೀರಿಲ್ಲ? ಹಂಗಾರ ಇಲ್ಲಿ ಕೊಡ್ರಿ."

ಇಂದುಮತಿ ಮೊದಲು ಪೆಟ್ಟಿಗೆಯ ತಗಡನ್ನು ಮುಟ್ಟಿದರು. ಆಮೇಲೆ ನನ್ನ ಪ್ಲಗ್ಗನ್ನು ಎಡಗೈಯಲ್ಲಿ ಹಿಡಿದು ಬಲಗೈಯ ತೋರುಬೆರಳನ್ನು ತೂತುಗಳ ಮೇಲೆ ಮೆಲ್ಲಗೆ ಹಾಯಿಸಿದರು. ಎಷ್ಟೋ ಜನ ನನ್ನನ್ನು ಹಿಡಿದಿದ್ದಾರೆ. ಹೀಗೆ ಯಾರೂ ಹಿಡಿದಿರಲಿಲ್ಲ.

"ಸರ್, ಇವು ಎಲ್ಲಾ ಒಂದ ಥರಾ ಇಲ್ರಿ," ಎಂದರು. "ಕೆಲವು ಚೌಕ ಅದಾವು, ಕೆಲವಕ್ಕ ಮೂಲಿ ಕೆತ್ಯಾರ. ಬೋರ್ಡಿನ್ಯಾಗೂ ಹಂಗ ಅದಾವು. ಎರಡೂ ಒಂದ ಸಾಲು ಓದಿದಂಗ ಹೊಂದಬೇಕು."

ಬೋರ್ಡಿನ ಸಾಲನ್ನು ಒಮ್ಮೆ, ನನ್ನ ಸಾಲನ್ನು ಒಮ್ಮೆ ಓದಿದರು. ಪ್ಲಗ್ಗಿನ ಪಕ್ಕದ ಕೊಂಡಿ ಯಾವ ಕಡೆ ಬರಬೇಕೆಂದು ಹುಡುಕಿ, ತಿರುಗಿಸಿ, ನೇರ ಕೆಳಗೆ ಒತ್ತಿದರು. ಕಟ್ ಎಂದು ಕೂತಿತು.

ಬಾರಕೇರರು ಸ್ವಿಚ್ ಹಾಕಿದರು. ನನ್ನ ಫ್ಯಾನು ತಿರುಗಿತು. "ಹತ್ತಿತ್ರಿ," ಎಂದು ಅವರು ಕೈ ಕೊಡವಿಕೊಂಡರು. ಇಂದುಮತಿ ಯಂತ್ರದ ಧ್ವನಿಗಾಗಿ ಕಾಯುತ್ತಿದ್ದರು. ಧ್ವನಿ ಬರಲಿಲ್ಲ. ಪರದೆ ಕಪ್ಪಗೇ ಉಳಿಯಿತು. ಅರ್ಧ ಗಂಟೆಯಲ್ಲಿ ಐದಾರು ಸಲ ಆರಿಸಿ ಹಚ್ಚಿದರು. ಕೊನೆಗೆ ಬಾರಕೇರರು ಕುರ್ಚಿಯಲ್ಲಿ ಕುಸಿದು, "ಬೋರ್ಡು ನನ್ನ ಕೈಯಾಗ ಹಾಳಾತು. ಸಾಲಿಗೋಳಿಗೆ ಫೋನ್ ಮಾಡಿ ನಾಕನೇದು ಬರೂದಿಲ್ಲ ಅಂತ ಹೇಳಿಬಿಡೂಣು," ಎಂದರು.

"ನನಗೂ ಹಿಂಗ ಹೇಳಿದ್ರು," ಎಂದರು ಇಂದುಮತಿ. "ಹತ್ತನೇ ಕ್ಲಾಸಿನ್ಯಾಗ ಗಣಿತದ ಕಡೀ ಸಂಪುಟ ಬರಲೇ ಇಲ್ಲ. ನಾಕ ಅಂಕದಾಗ ಹೋತು. ಅವ್ವ, ಸಾಕು ಬಿಡು ಅಂದ್ಲು. ಮತ್ತ ಪರೀಕ್ಷಾ ಕಟ್ಟಬೇಕಂದ್ರ ಎರಡು ವರ್ಷ ಅಕಿ ಜೋಡಿ ಜಗಳಾಡಿದೆ."

ಬಾರಕೇರರು ಕೈಗೆತ್ತಿಕೊಂಡಿದ್ದ ಫೋನನ್ನು ಕೆಳಗಿಟ್ಟರು.

"ಬಂದ್ ಮಾಡ್ರಿ ಸರ್. ಪ್ಲಗ್ಗು ತಗೀರಿ. ನಾ ಇದನ್ನ ಮೊದಲಿಂದ ಕಡೀತನಕ ಒಮ್ಮೆ ಓದತೀನಿ."

ಎಡಮೂಲೆಯಿಂದ ಶುರುಮಾಡಿ ಒಂದು ಪುಟ ಓದುವ ಹಾಗೆ ಅವರ ಬೆರಳು ಬೋರ್ಡಿನ ಮೇಲೆ ಹೊರಟಿತು. ಮೇಲಿನ ಅಂಚಿನಲ್ಲಿ, ಫ್ಯಾನು ಹೊತ್ತ ಪ್ರೊಸೆಸರಿನ, ಅಂದರೆ ಕಂಪ್ಯೂಟರಿನ ಮಿದುಳಿನ, ಪಕ್ಕದಲ್ಲೇ ಅದು ನಿಂತಿತು. "ಇಲ್ಲೆ ಒಂದು ಖಾಲಿ ಬಾಯಿ ಐತ್ರಿ. ಎಂಟು ತೂತು. ಪಾಪ, ಇದಕ್ಕ ಯಾರೂ ಉಣ್ಣಾಕ ಹಾಕಿಲ್ಲ."

ನನ್ನ ತಂತಿಗಳ ಗೊಂಚಲಿನಲ್ಲಿ ಕೈಯಾಡಿಸಿದಾಗ ಅವರಿಗೆ ಮೊದಲು ಸಿಕ್ಕಿದ್ದು ಆರು ಮತ್ತು ಎರಡರ ಪ್ಲಗ್ಗು. ಸೇರಿಸಿದರೆ ಅದೂ ಎಂಟೇ. ಆದರೆ ಅದು ಗ್ರಾಫಿಕ್ಸ್ ಕಾರ್ಡಿನದು. ಕರೆಂಟು ಒಯ್ಯುವ ಅದರ ಹಳದಿ ತಂತಿ ಇರುವ ಕಡೆ ಇಲ್ಲಿ ಕರೆಂಟು ಮರಳಿ ತರುವ ಕಪ್ಪು ತಂತಿ ಬರಬೇಕು. ಬಲವಂತವಾಗಿ ತುರುಕಿದರೆ ಬೋರ್ಡಿಗೂ ಉಳಿಗಾಲವಿಲ್ಲ, ನನಗೂ ಇಲ್ಲ. ಹೇಳಲು ನನಗೆ ಬಾಯಿಲ್ಲ.

ಅವರು ಅದನ್ನು ಬಾಯಿಗೆ ತಾಗಿಸಿ ನೋಡಿದರು. ಕೂರಲಿಲ್ಲ.

"ಸ್ವಲ್ಪ ಜೋರಾಗಿ ಒತ್ರಿ ಅಕ್ಕಾರ, ಹೋಗತೈತಿ," ಎಂದರು ಬಾರಕೇರರು.

ಇಂದುಮತಿಯವರ ಹೆಬ್ಬೆರಳು ಪ್ಲಗ್ಗಿನ ಮೇಲೆಯೇ ಇತ್ತು. ಅವರು ಒತ್ತಲಿಲ್ಲ. ಮತ್ತೆ ತೂತುಗಳನ್ನು ಓದಿದರು, ಬೋರ್ಡನ್ನು ಓದಿದರು. "ಇಲ್ರಿ ಸರ್. ಚೌಕ ಇರಬೇಕಾದಲ್ಲೆ ಕೆತ್ತಿದ್ದು ಐತಿ. ಇದು ಬ್ಯಾರೆ ಯಾರದೋ." ಅದನ್ನು ಪಕ್ಕಕ್ಕೆ ಸರಿಸಿ ಮತ್ತೆ ಹುಡುಕಿದರು. ನಾಲ್ಕರ ಒಂದು ತುಂಡು ಸಿಕ್ಕಿತು. ಅದರ ಬೆನ್ನಿಗೇ, ಎಂಟು ವರ್ಷ ಧೂಳು ತಿಂದಿದ್ದ ಇನ್ನೊಂದು ನಾಲ್ಕು. ಸೆರಗಿನಿಂದ ಅದನ್ನು ಒರೆಸಿದರು. ಎರಡರ ನಡುವೆ ಒಂದು ಸಣ್ಣ ಗೆರೆ ಉಬ್ಬಿರುವುದನ್ನು ಕಂಡುಕೊಂಡು ಒಂದಕ್ಕೊಂದು ಜಾರಿಸಿದರು. ಎರಡೂ ಸೇರಿ ಎಂಟಾದವು. ಹೊಂದಿಸಿ ಓದಿದರು. ಒತ್ತಿದರು. ಕಟ್.

ಈ ಸಲ ಸ್ವಿಚ್ ಹಾಕಿದಾಗ ನನ್ನ ಕರೆಂಟು ಹೊಸ ದಾರಿಯಲ್ಲಿ ಓಡಿದ್ದು ನನಗೇ ತಿಳಿಯಿತು. ಎರಡು ನಿಮಿಷದ ಮೇಲೆ ಸ್ಪೀಕರಿನಿಂದ ಯಂತ್ರದ ಒಣ ಧ್ವನಿ ಬಂತು. ಬಾರಕೇರರು ಎದ್ದು ಹೊರಗೆ ಹೋಗಿ ಮುಖ ತೊಳೆದುಕೊಂಡು ಬಂದರು. ಇಂದುಮತಿ ಆಗಲೇ ನಾಲ್ಕನೆಯ ಸಂಪುಟವನ್ನು ತೆರೆದಿದ್ದರು.

ಇಪ್ಪತ್ತೆರಡು ಪ್ರತಿ ಮುಗಿಸಲು ಐದು ದಿನ ಬೇಕಾಯಿತು. ಜೂನ್ ತಿಂಗಳಲ್ಲಿ ಕುಂದಗೋಳದ ಒಬ್ಬ ಹುಡುಗಿಯಿಂದ ಚುಕ್ಕೆಯ ಕಾಗದ ಬಂತು. ಇಂದುಮತಿ ಅದನ್ನು ಗಟ್ಟಿಯಾಗಿ ಓದಿದರು: ಪುಸ್ತಕ ಪರೀಕ್ಷೆಗೆ ಆರು ದಿನ ಮೊದಲು ಸಿಕ್ಕಿತು, ಕೊನೆಯ ಪಾಠದಿಂದ ಎರಡು ಪ್ರಶ್ನೆ ಬಂದಿದ್ದವು, ಒಂದನ್ನು ಬರೆಯುವವರಿಗೆ ಹೇಳಿ ಬರೆಸಿದೆ, ಇನ್ನೊಂದು ಮರೆತುಹೋಯಿತು. "ಮರತಳಂತ," ಎಂದು ನಕ್ಕು ಕಾಗದವನ್ನು ಮಡಚಿಟ್ಟರು.

ಅಲ್ಲಿಂದ ಮುಂದೆ ಆರು ವರ್ಷ ನಡೆದೆ. ಈ ವರ್ಷ ದುಡಿಯುತ್ತ ದುಡಿಯುತ್ತ ತಟ್ಟನೆ ಆರಿಹೋಗುವ ಕಾಯಿಲೆ ಹತ್ತಿತು. ಹೊಸ ಎಸ್‌ಎಂಪಿಎಸ್ ಬಂತು. ರಿಪೇರಿಯವನನ್ನು ಯಾರೂ ಕರೆಯಲಿಲ್ಲ, ಅದರ ಪ್ಲಗ್ಗುಗಳನ್ನು ಇಂದುಮತಿಯವರೇ ಜೋಡಿಸಿದರು. ನಾನು ಎರಡು ತಿಂಗಳು ಕಿಟಕಿಯಲ್ಲಿ ಕೂತಿದ್ದೆ. ನಿನ್ನೆ ಗುಜರಿಯ ಮೌಲಾಸಾಬ ಚೀಲ ಹಿಡಿದು ಬಂದ.

"ಇದನ್ನ ನೀವು ಬಿಚ್ಚತೀರಿ ಹೌದಿಲ್ರಿ?" ಎಂದು ಇಂದುಮತಿ ಕೇಳಿದರು.

"ಹೌದ್ರಿ ಅಕ್ಕಾರ. ತಾಮ್ರ ಬ್ಯಾರೆ, ತಗಡು ಬ್ಯಾರೆ."

"ಇಲ್ಲೇ ಬಿಚ್ರಿ. ಒಳಗ ಏನೈತಿ ನಾ ನೋಡಬೇಕು."

ಮೌಲಾಸಾಬ ನಾಲ್ಕು ಸ್ಕ್ರೂ ತೆಗೆದು, ಒಳಗೆ ಕರೆಂಟು ಉಳಿದಿಲ್ಲವೆಂದು ಖಾತ್ರಿ ಮಾಡಿಕೊಂಡು, ಮುಚ್ಚಳ ಎತ್ತಿ ನನ್ನನ್ನು ಅವರ ಮುಂದಿಟ್ಟ. ಹದಿನಾಲ್ಕು ವರ್ಷ ಬೇರೆಯವರಿಗೆ ಹಂಚಿಯೇ ಬದುಕಿದೆ. ಹಂಚುವುದು ನನ್ನೊಳಗೆ ಎಲ್ಲಿ, ಹೇಗೆ ನಡೆಯುತ್ತದೆ ಎಂದು ನಾನು ಕೇಳಿಕೊಂಡಿರಲೇ ಇಲ್ಲ. ಈಗ ಒಂದು ಬೆರಳು ಒಳಗೆ ಇಳಿಯಿತು.

"ಇಲ್ಲೆ ಒಂದು ಕೈಬಳಿಯಂಥಾದ್ದಕ್ಕ ತಂತಿ ಸುತ್ಯಾರ," ಎಂದರು ಇಂದುಮತಿ. "ಇವು ಸಣ್ಣ ಸಣ್ಣ ಡಬ್ಬಿ. ನಿಂತಾವ, ಸಾಲಾಗಿ. ಎಲ್ಲಾದರ ನೆತ್ತಿ ಸಪಾಟ ಐತಿ. ಇದೊಂದರದು ಉಬ್ಬೈತಿ."

"ಅದ ಹೋಗಿದ್ದು ನೋಡ್ರಿ ಅಕ್ಕಾರ," ಎಂದ ಮೌಲಾಸಾಬ. "ಅದಕ್ಕ ಆರಿಹೋಗತಿತ್ತು."

ಅಷ್ಟೇನಾ, ಎಂದುಕೊಂಡೆ ನಾನು. ಬೆರಳಿನ ತುದಿಯಷ್ಟಿರುವ ಒಂದು ಡಬ್ಬಿ.

ಮೌಲಾಸಾಬ ಚೀಲದ ಬಾಯಿ ಬಿಚ್ಚಿದ. ಇಂದುಮತಿ ಕೈ ತೆಗೆಯಲಿಲ್ಲ.

"ಬಾರಕೇರ ಸರ್ ಚಾ ತರಸ್ಯಾರ, ಕುಡೀರಿ ಮೌಲಾಸಾಬ," ಎಂದರು. "ನಾ ಇನ್ನೂ ಅರ್ಧಾನೂ ನೋಡಿಲ್ಲ."