ಭಾಗೀರಥಿ ಮಲಗಿದ ರವಿವಾರ

ಪಕ್ಕದ ಮನೆಯ ಭಾಗೀರಥಿ ಯೇಸುವಿನ ಪ್ರಾರ್ಥನೆಗೆ ಹೋಗತೊಡಗಿದ್ದು ಒಂದೇ ಒಂದು ಮಾತಿನ ಆಸೆಗೆ. ಸವದತ್ತಿಯಿಂದ ಮೋಟಾರ್‌ಸೈಕಲ್ ಮೇಲೆ ಬರುವ ಪಾಸ್ಟರ್ ಅರ್ಜುನ, "ದುಡದು ದಣದವರೆಲ್ಲಾ ಬರ್ರಿ, ನಮ್ಮ ದೇವರು ವಿಶ್ರಾಂತಿ ಕೊಡತಾನು" ಅಂದಿದ್ದರಂತೆ. "ಬ್ಯಾರೆ ಏನೂ ಬ್ಯಾಡಕ್ಕಾ, ಅದೊಂದ ಸಿಕ್ಕರ ಸಾಕು" ಎಂದು ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ನನಗೆ ಹೇಳಿದಳು. ನಾನು ಕೊರಳಲ್ಲಿ ಲಿಂಗ ಕಟ್ಟಿಕೊಂಡವಳು, ಅವರ ದೇವರ ಗೊಡವೆ ನನಗೇಕೆ? ಆದರೂ ಅವಳಿಗೆ ಅದು ಸಿಗುತ್ತದೋ ಇಲ್ಲವೋ ನೋಡೋಣ ಅಂತ ಕಾಯುತ್ತಿದ್ದೆ.

ಸಿಗಲಿಲ್ಲ. ಸಿಗುವುದಿರಲಿ, ಇದ್ದದ್ದೂ ಹೋಯಿತು. ಮನೋಳಿಯಲ್ಲಿ ಅವರಿಗೆ ಪ್ರಾರ್ಥನೆಯ ಕಟ್ಟಡವಿಲ್ಲ. ಅವಳ ಗಂಡ ಬಾಳೇಶ ದೊಡ್ಡ ಮನಸ್ಸು ಮಾಡಿ, "ನಮ್ಮ ಪಡಸಾಲಿ ಐತಲ್ರಿ" ಅಂದ. ಮುರಗೋಡದಿಂದ, ಸಂಪಗಾಂವದಿಂದ ಜನ ಬರತೊಡಗಿದರು. ದೂರದಿಂದ ಬಂದವರನ್ನು ಬರಿಹೊಟ್ಟೆಯಲ್ಲಿ ಕಳಿಸುವುದುಂಟೇ? "ಉಂಡ ಹೋಗ್ರಿ" ಅಂದವನೂ ಅವನೇ. ಅನ್ನಲಿಕ್ಕೆ ಏನು ಖರ್ಚು, ಬಾಯಿ ಇತ್ತು, ಅಂದ. ವಾರವೆಲ್ಲ ಉಳ್ಳಾಗಡ್ಡಿ ಹೊಲದಲ್ಲಿ ಬಗ್ಗಿ ಕಳೆ ತೆಗೆಯುವ ಭಾಗೀರಥಿ, ರವಿವಾರ ನಸುಕಿನಲ್ಲೇ ಎದ್ದು ಮನೆ ತುಂಬ ಜನಕ್ಕೆ ರೊಟ್ಟಿ ಬಡಿಯುತ್ತಿದ್ದಳು. ಹೊರಗೆ ಹಾಡು, ಒಳಗೆ ಪಟಪಟ. ಅವಳು ಚಾಪೆಯ ಮೇಲೆ ಕೂತು ಪ್ರಾರ್ಥನೆ ಕೇಳಿದ್ದನ್ನು ನಾನಂತೂ ನೋಡಿರಲಿಲ್ಲ.

"ಯಾಕವಾ, ಸಿಕ್ತೇನ ನಿನ್ನ ವಿಶ್ರಾಂತಿ?" ಎಂದು ಛೇಡಿಸಿದರೆ, "ಸಿಗತೈತಿ ತಗೋ ಅಕ್ಕಾ" ಎಂದು ನಕ್ಕುಬಿಡುತ್ತಿದ್ದಳು. ಆ ನಗೆಗೆ ನನಗೆ ಸಿಟ್ಟೇ ಬರುತ್ತಿತ್ತು.

ಹೋದ ಶ್ರಾವಣದ ಒಂದು ರವಿವಾರ ಹೆಪ್ಪಿಗೆ ಮಜ್ಜಿಗೆ ಕೇಳಲು ಹೋಗಿ ಅವಳ ಅಡುಗೆಮನೆಯಲ್ಲಿ ಕೂತಿದ್ದೆ. ಹೊರಗೆ ಪಾಸ್ಟರ್ ವಿಶ್ರಾಂತಿಯ ದಿನದ ಬಗ್ಗೆಯೇ ಹೇಳುತ್ತಿದ್ದರು. ಆರು ದಿನ ನಿನ್ನದು, ಏಳನೆಯದು ದೇವರದು. ಅವತ್ತು ಯಾರ್‍ಯಾರು ಕೆಲಸ ಮಾಡಬಾರದು ಎಂದು ಒಬ್ಬೊಬ್ಬರನ್ನೇ ಎಣಿಸಿದರು. "ನೀ ಮಾಡಬಾರ್ದು, ನಿನ್ನ ಮಗ, ಮಗಳು ಮಾಡಬಾರ್ದು, ಆಳು ಮಾಡಬಾರ್ದು, ಎತ್ತು, ಕತ್ತೆ ಸೈತ ಮಾಡಬಾರ್ದು. ನಮ್ಮ ಕಡೆ ಸೋಮವಾರ ಎತ್ತು ಹೂಡೂದಿಲ್ಲ ನೋಡ್ರಿ, ಹಂಗ." ಗಂಡಸರು ತಲೆದೂಗಿದರು. ಎತ್ತಿನ ಮಾತು ಯಾರಿಗೆ ತಿಳಿಯುವುದಿಲ್ಲ?

ಭಾಗೀರಥಿಯ ಕೈ ನಿಂತಿತು. ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಹೋಗಿ, "ಪಾಸ್ಟರ್, ಅದರಾಗ ಹೇಣ್ತಿ ಹೆಸರ ಬರಲಿಲ್ಲಲ್ರಿ?" ಎಂದಳು. ಜಗಳದ ದನಿಯಲ್ಲ, ಮನೆಯಲ್ಲಿ ಉಪ್ಪು ತೀರಿತೇನು ಅಂತ ಕೇಳಿದ ಹಾಗೆ ಕೇಳಿದಳು.

ಪಾಸ್ಟರ್ ಪುಸ್ತಕ ನೋಡಿದರು. ಮತ್ತೊಮ್ಮೆ ನೋಡಿದರು. ಕಿವಿ ಕೆಂಪಾದವು. "ಬರದಿಲ್ಲವಾ ಇಲ್ಲಿ. ಆದರ ಗಂಡಗ ಹೇಳಿದ್ದು ಹೇಣ್ತಿಗೂ ಬಂತು, ಹಂಗ ತಿಳೀಬೇಕು" ಎಂದರು.

"ಹಂಗಾದ್ರ ನಾನೂ ಬಂದೆ ಬಿಡ್ರಿ."

ಒಳಗೆ ಬಂದು ಉರಿಯುವ ಕಟ್ಟಿಗೆ ಹೊರಗೆಳೆದು ನೀರು ಚಿಮುಕಿಸಿದಳು, ಕೈ ತೊಳೆದಳು, ಹೋಗಿ ಹೆಂಗಸರ ಸಾಲಿನ ಕೊನೆಗೆ ಗೋಡೆಗೆ ಆತು ಕೂತಳು. ನಾನು ಮಜ್ಜಿಗೆ ಮರೆತು ನೋಡುತ್ತಿದ್ದೆ. ಮುಂದಿನ ಹಾಡು ಮುಗಿಯುವುದರೊಳಗೆ ಅವಳ ತಲೆ ವಾಲಿತು. ಕಡೆಯ ಪ್ರಾರ್ಥನೆಗೆ ಜನ ಎದ್ದು ನಿಂತಾಗ ಚಾಪೆಯ ಮೇಲೆ ಅಡ್ಡಾಗಿಬಿಟ್ಟಿದ್ದಳು, ಬಾಯಿ ತೆರೆದು, ಸಣ್ಣಗೆ ಗೊರಕೆ ಹೊಡೆಯುತ್ತಾ.

ಬಾಳೇಶನ ಮುಖ ನೋಡಬೇಕಿತ್ತು! ಬುಟ್ಟಿಯಲ್ಲಿ ಆಗಲೇ ಬಡಿದಿಟ್ಟ ರೊಟ್ಟಿ ನಾಲ್ಕು ಮಂದಿಗೂ ಸಾಲದು. "ಏ ಭಾಗೀರಥಿ, ಮಂದಿ ಹಸದಾರ" ಎಂದು ಅವಳ ಭುಜ ಅಲುಗಿಸಲು ಬಗ್ಗಿದ. ನನಗೆ ಎಲ್ಲಿತ್ತೋ ಸಿಟ್ಟು. "ಮುಟ್ಟ ನೋಡೂಣು ಆಕಿನ್ನ!" ಎಂದುಬಿಟ್ಟೆ, ಅವರ ಪ್ರಾರ್ಥನೆಯ ನಡುವೆ.

"ಹಂಗಾದ್ರ ನೀವರ ಒಂದಿಷ್ಟ ಬಡದ ಕೊಡ್ರಿ, ಸಾವಿತ್ರೆಕ್ಕಾರ" ಎಂದ.

"ನಾ ಯಾಕ ಬಡೀಲಿ? ನಿನಗ ಕೈ ಇಲ್ಲೇನ?" ಎಂದೆ.

ಪಾಸ್ಟರ್ ತುಟಿಯ ಮೇಲೆ ಬೆರಳಿಟ್ಟರು. ಆಮೆನ್ ಅನ್ನುವುದನ್ನೂ ಬಾಯೊಳಗೇ ಅಂದರು. ಜನ ಸದ್ದಿಲ್ಲದೆ ಹೊರಗೆ ಹೋಗಿ ಕಟ್ಟೆಯ ಮೇಲೆ ಕೂತರು. ಊಟ ಬಿಟ್ಟು ಹೋಗಲು ಮನಸ್ಸಿಲ್ಲ, ಕೇಳಲು ಬಾಯಿಲ್ಲ. ಬಾಳೇಶ ಅಂಗಡಿಯಿಂದ ಚುರುಮುರಿ ತಂದು ಹಂಚಿದ. ನಾನು ಅವಳ ಮುಖದ ಮೇಲಿನ ನೊಣ ಓಡಿಸುತ್ತಾ ಕೂತೆ. ಬೇನೆ ಬಿದ್ದವರನ್ನು ಕಂಡಿದ್ದೆ, ಬಾಣಂತಿಯರನ್ನು ಕಂಡಿದ್ದೆ. ಗಟ್ಟಿಮುಟ್ಟಾದ ಹೆಂಗಸು ಹಾಡಹಗಲಲ್ಲಿ ಹೀಗೆ ಮಲಗಿದ್ದನ್ನು ಕಂಡೇ ಇರಲಿಲ್ಲ. ಸುಳ್ಳೇಕೆ ಹೇಳಲಿ, ಹೊಟ್ಟೆಕಿಚ್ಚಾಯಿತು.

ಬಿಸಿಲು ಇಳಿದ ಮೇಲೆ ಅವಳಿಗೆ ಎಚ್ಚರವಾಯಿತು. ತಟ್ಟನೆ ಎದ್ದು ಕೂತು ಒಳಗೆ ನೋಡಿದಳು, ಒಲೆ ತಣ್ಣಗಿತ್ತು. ಹೊರಗೆ ನೋಡಿದಳು, ಕಟ್ಟೆಯ ಮೇಲೆ ಜನ ದನಿಯಿಲ್ಲದೆ ಕೂತಿದ್ದರು. ನಮ್ಮಲ್ಲಿ ಒಲೆ ಹೊತ್ತಿಸದೆ ಜನ ಹಾಗೆ ಕೂರುವುದು ಸಾವಿನ ಮನೆಯಲ್ಲಿ ಮಾತ್ರ. ಅವಳ ಮುಖ ಬಿಳಿಚಿತು. ನನ್ನ ಕೈ ಗಟ್ಟಿಯಾಗಿ ಹಿಡಿದಳು.

"ಯಾರ ಹೋದ್ರಕ್ಕಾ?"

"ಯಾರೂ ಹೋಗಿಲ್ಲ. ನೀ ಮಲಗಿದ್ದಿ, ಅಷ್ಟ."

"ಎಲ್ಲಾರೂ ಅದಾರ?"

"ಅದಾರವಾ. ಎಲ್ಲಾರೂ ಅದಾರ."

ಸ್ವಲ್ಪ ಹೊತ್ತು ಬಾಗಿಲ ಕಡೆ ನೋಡಿದಳು. ಆಮೇಲೆ ನನ್ನ ಕೈ ಬಿಟ್ಟು, ಸೆರಗು ಮಡಚಿ ತಲೆಯ ಕೆಳಗಿಟ್ಟುಕೊಂಡು, ಮತ್ತೆ ಮಲಗಿದಳು.