ಸಾಯದವಳಿಗೆ ಶಾಸ್ತ್ರವಿಲ್ಲ

ಅಂದು ಬೆಳಿಗ್ಗೆ ಲಾಕೊಟ್ ಅಕ್ಕ ಅಂಗಳದ ಕಲ್ಲಿನ ಮೇಲೆ ಎಳ್ಳು ಅರೆಯುತ್ತಿದ್ದಳು. ನಾನು ಪಕ್ಕದಲ್ಲಿ ಸೊಪ್ಪು ಬಿಡಿಸುತ್ತಿದ್ದೆ. ದೊಡ್ಡಪ್ಪ ಲದ್ವಾರ್ ಮಾವಿನ ಮರದಡಿ ಕುಳಿತು ಸುದ್ದಿ ಹೇಳಿದರು: ಭಾನುವಾರ ಒಜಾರನ ಕುಲದವರು ಕಹಿ ಬೇರಿನ ರಸ ಕುಡಿಯಲು ಬರುತ್ತಾರೆ.

ಒಜಾರ ದಂಗೆಕೋರರೊಡನೆ ಕಾಡಿನಲ್ಲಿದ್ದವನು, ಕ್ಷಮಾದಾನ ಪಡೆದು ಊರಿಗೆ ಮರಳಿದ್ದ. ದೊಡ್ಡಪ್ಪನ ಮಗ ಒಡೊಚ್‌ನನ್ನು ಕೊಂದವನು ಅವನೇ. ಅದೇ ದಿನ ಹನ್ನೆರಡು ವರ್ಷದ ಅಕ್ಕನನ್ನು ಎಳೆದೊಯ್ದು ಎಂಟು ವರ್ಷ ಇಟ್ಟುಕೊಂಡವನೂ ಅವನೇ. ಎರಡೂ ಕುಲದವರು ಒಂದೇ ಸೋರೆಬುರುಡೆಯಿಂದ ಆ ರಸ ಕುಡಿದರೆ ಹಗೆ ಮುಗಿಯಿತು. ಆಮೇಲೆ ಯಾರೂ ಹಳೆಯ ಮಾತು ಎತ್ತುವಂತಿಲ್ಲ. ಇವರ ಅಂಗಳಕ್ಕೆ ಅವರು ಬಂದರೆ ಬೇಡವೆನ್ನುವಂತಿಲ್ಲ.

"ನನ್ನ ವಿಷ್ಯ?" ಅಕ್ಕ ಕೈ ನಿಲ್ಲಿಸದೆ ಕೇಳಿದಳು.

"ನಿಂದೇನು?"

"ನನಗೆ ಮಾಡಿದ್ದನ್ನೂ ಅವನು ಎಲ್ಲರೆದುರಿಗೆ ಹೇಳ್ಲಿ. ಆಮೇಲೆ ಕುಡೀರಿ."

"ಅದು ಕೊಲೆಗೆ ಇರೋ ಶಾಸ್ತ್ರ ಕಣಮ್ಮ. ನೀನೇನು ಸತ್ತಿದ್ಯಾ?"

"ಸತ್ತಿದ್ರೆ ಎಳ್ಳು ಅರೆಯೋರ್ಯಾರು?" ಎಂದು ದೊಡ್ಡಮ್ಮ ಒಳಗಿಂದಲೇ ನಕ್ಕರು.

ನಾನು ಧೈರ್ಯ ಮಾಡಿದೆ. "ದೊಡ್ಡಪ್ಪ, ಯುದ್ಧದಲ್ಲಿ ಬರೀ ಸಾವೇ ಆಗಿದ್ದಲ್ವಲ್ಲ. ಹೆಂಗಸರಿಗೆ ಆಗಿದ್ದನ್ನ ಬಿಟ್ಟು ರಾಜಿ ಮಾಡ್ಕೊಂಡ್ರೆ ಅದು ಎಷ್ಟು ದಿನ ನಿಲ್ಲುತ್ತೆ?"

"ಗುಲು ಪೇಟೇಲಿ ಓದಿದೋಳು ನೀನು. ಅದಕ್ಕೆ ಯಾವ ಬೇರು ಅಂತ ನೀನೇ ಹೇಳವ್ವ. ನಮ್ಮಜ್ಜಂದಿರಿಗಂತೂ ಗೊತ್ತಿರ್ಲಿಲ್ಲ."

ನನ್ನ ಉತ್ತರಗಳೆಲ್ಲ ನೋಟ್‌ಬುಕ್ಕಿನಲ್ಲಿ ಹುಟ್ಟುವಂಥವು. ಮತ್ತೆ ಸೊಪ್ಪಿಗೆ ಕೈ ಹಾಕಿದೆ.

ಭಾನುವಾರ ಒಜಾರ ಕೈಗಳನ್ನು ಬೆನ್ನಿಗೆ ಕಟ್ಟಿ ಮಂಡಿಯೂರಿದ. "ಒಡೊಚ್‌ನನ್ನ ಕೊಂದೋನು ನಾನೇ" ಎಂದು ಅತ್ತ. ದೊಡ್ಡಪ್ಪನೂ ಅತ್ತರು. ಆ ಅಳು ಸುಳ್ಳಲ್ಲ. ನನಗೂ ಕಣ್ಣು ತುಂಬಿತು. ಆಗ ಅಕ್ಕ ಎದ್ದು ನಿಂತಳು.

"ಇನ್ನೂ ಇದೆ. ಹೇಳು."

ಅವನು ನೆಲ ನೋಡಿದ. ಅವನ ಕುಲದ ಹಿರಿಯ ನಮ್ಮವರ ಕಡೆ ತಿರುಗಿದ. "ನಾವು ಒಂದು ಸಾವಿಗೆ ಅಂತ ಬಂದಿರೋದು. ಬೇರೆ ಗಂಟು ಬಿಚ್ಚೋದಾದ್ರೆ ರಾಜಿಗೆ ಅಂತ ತಂದ ನಮ್ಮ ಕುರಿ ಹೊಡ್ಕೊಂಡು ಹೋಗ್ತೀವಿ. ಆಮೇಲೆ ನಿಮ್ಮ ಗಂಡುಮಕ್ಳು ನಮ್ಮ ದಾರೀಲೇ ಓಡಾಡ್ಬೇಕಲ್ಲ, ನೋಡ್ಕೊಳ್ಳಿ."

ನಮ್ಮವರೆಲ್ಲ ನೋಡಿದ್ದು ಒಜಾರನನ್ನಲ್ಲ, ಅಕ್ಕನನ್ನು. "ಕೂತ್ಕೊಳೇ, ಮತ್ತೆ ಯುದ್ಧ ತರ್ತೀಯಾ?" ಎಂದಳು ಹಿಂದಿದ್ದ ಒಬ್ಬಳು. ಅಕ್ಕನ ಬಟ್ಟೆಯಂಚು ಹಿಡಿದು ಕೆಳಗೆ ಜಗ್ಗಿದವಳು ನಾನು. ಅವಳು ಕುಳಿತಳು. ಅವರು ಕುಡಿದರು.

ಒಂಬತ್ತನೆಯ ದಿನ ಒಜಾರ ನಮ್ಮ ಅಂಗಳಕ್ಕೆ ಬಂದ. ದೊಡ್ಡಪ್ಪ ತಮ್ಮ ಕುರ್ಚಿಯನ್ನೇ ಬಿಟ್ಟುಕೊಟ್ಟು, ನೀರು ತರುವಂತೆ ಅಕ್ಕನಿಗೆ ಹೇಳಿದರು. ಗಂಡಸು ಅತಿಥಿಗೆ ಹೆಂಗಸು ಮಂಡಿಯೂರಿಯೇ ನೀರು ಕೊಡಬೇಕು. ಅಕ್ಕ ನಿಂತೇ ಚಾಚಿದಳು.

"ಮಂಡಿ ಊರು."

"ಎಂಟು ವರ್ಷ ಊರಿದ್ದೀನಿ ದೊಡ್ಡಪ್ಪ. ಸಾಕು."

"ಕುಡಿದ ರಾಜಿ ಮುರಿದ್ರೆ ಮನೇಲಿ ಮಕ್ಳು ಸಾಯ್ತವೆ. ಊರೋದಾದ್ರೆ ಊರು, ಇಲ್ದಿದ್ರೆ ಅಂಗಳ ಬಿಡು."

ಅಕ್ಕ ನೀರನ್ನು ನೆಲದ ಮೇಲಿಟ್ಟಳು. ಗುಡಿಸಲಿಗೆ ಹೋಗಿ ಚಾಪೆ ಸುತ್ತಿಕೊಂಡು ಬಂದು, ರಸ್ತೆಯ ಕಡೆಗೆ ನಡೆದಳು. ಅವಳಿಗೆ ಹೋಗಲು ಇನ್ನೊಂದು ಮನೆಯಿಲ್ಲವೆಂದು ಎಲ್ಲರಿಗೂ ಗೊತ್ತಿತ್ತು. ಯಾರೂ ಕರೆಯಲಿಲ್ಲ. ನಾನೂ ಕರೆಯಲಿಲ್ಲ.

ನಮ್ಮ ಸೀಮೆಯಲ್ಲಿ ಶಾಂತಿ ನೆಲೆಸಿದೆಯೆಂದು ಕೇಳಿದವರು, ಅದು ಯಾರನ್ನು ಹೊರಗೆ ಕಳಿಸಿ ನೆಲೆಸಿತು ಎಂದೂ ಒಮ್ಮೆ ಕೇಳಲಿ.

"ಅಲಾನ್ಯೊ, ನೀನು ಕೊಡಮ್ಮ" ಎಂದರು ದೊಡ್ಡಪ್ಪ.

ನಾನು ಆ ನೀರನ್ನೇ ಎತ್ತಿಕೊಂಡು ಮಂಡಿಯೂರಿದೆ. ಒಜಾರ ನಿಧಾನವಾಗಿ ಕುಡಿದು ಬಾಯಿ ಒರೆಸಿಕೊಂಡ.

"ಇವಳಿಗೀಗ ಎಷ್ಟು ವರ್ಷ?"

"ಇಪ್ಪತ್ತೆರಡು" ಎಂದರು ದೊಡ್ಡಪ್ಪ, ನಗುತ್ತ.