ಕೆಜಾಯಾಳ ಹತ್ತು ಪೌಂಡಿನ ಮಗು

1856ರ ಜೂನ್ 20, ಶುಕ್ರವಾರ ಬೆಳಿಗ್ಗೆ ಏಳೂವರೆ ಗಂಟೆಗೆ ಅಯೋವಾದ ಬಿಡಾರದಲ್ಲಿ ತಕ್ಕಡಿಯ ಸಾಲಿಗೆ ಬಂದು ನಿಂತ ಕೆಜಾಯಾ ಪ್ರೋಥೆರೋ ತುಂಬು ಗರ್ಭಿಣಿಯಂತೆ ಕಾಣುತ್ತಿದ್ದಳು. ಮುಂದೆ ಯೂಟಾದ ಒಂದು ಕಣಿವೆಯ ಅರ್ಧ ಜನ ಮುತ್ತಜ್ಜಿ ಎಂದು ನೆನೆಯಲಿದ್ದ ಈಕೆಗೆ ಆಗ ಐವತ್ತೆಂಟು ವರ್ಷ. ಗಂಡ ತೀರಿಕೊಂಡು ಆರು ವರ್ಷವಾಗಿತ್ತು.

ಹೊಟ್ಟೆಗೆ ಕಟ್ಟಿಕೊಂಡದ್ದು ಬೀಡುಕಬ್ಬಿಣದ ಕಾವಲಿ. ವೇಲ್ಸಿನಲ್ಲಿ ಅವಳ ಅಜ್ಜಿ, ಅಮ್ಮ ಒಣದ್ರಾಕ್ಷಿಯ ರೊಟ್ಟಿ ಬೇಯಿಸಿದ್ದು ಅದರ ಮೇಲೆಯೇ. ತಮ್ಮ ಪಂಥದವರು ಚೀಯೋನ್ ಎನ್ನುವ ಯೂಟಾವನ್ನು ಮೊದಲೇ ಸೇರಿದ್ದ ಮಗಳಿಗೆ ಅದನ್ನು ತಲುಪಿಸುತ್ತೇನೆಂದು ಮಾತು ಕೊಟ್ಟಿದ್ದಳು. ಆದರೆ ಅಲ್ಲಿಯವರೆಗೆ ನಡೆದೇ ಎಳೆದೊಯ್ಯಬೇಕಾದ ಕೈಗಾಡಿಯಲ್ಲಿ ದೊಡ್ಡವರಿಗೆ ತಲಾ ಹದಿನೇಳು ಪೌಂಡ್ ಸಾಮಾನು, ಮಕ್ಕಳಿಗೆ ಹತ್ತು; ಮಿಕ್ಕಿದ್ದು ಹುಲ್ಲಿನ ಪಾಲು. ಕೆಜಾಯಾಳ ಗಂಟು ಕಾವಲಿಯಿಲ್ಲದೆಯೇ ಹದಿನೇಳು ಪೌಂಡ್ ಇತ್ತು.

ತೂಗುತ್ತಿದ್ದದ್ದು ಗಂಟನ್ನು, ಮನುಷ್ಯರನ್ನಲ್ಲ. ಅದು ತಿಳಿದಂದಿನಿಂದ ಬಿಡಾರದ ಹೆಂಗಸರೆಲ್ಲ ದಪ್ಪಗಾಗಿದ್ದರು. ನಾಲ್ಕು ಲಂಗ, ಎರಡು ಕೋಟು ತೊಟ್ಟು ಬೆವರುತ್ತ ಸಾಲಿನಲ್ಲಿ ನಿಂತು, ತೂಕ ಮುಗಿದೊಡನೆ ಡೇರೆಯ ಹಿಂದೆ ಹೋಗಿ ತೆಳ್ಳಗಾಗಿ ಬರುತ್ತಿದ್ದರು. ತಂಡದ ನಾಯಕ ಲೆವೈ ಥ್ಯಾಕರ್ ಲಂಗಗಳನ್ನು ನೋಡಿಯೂ ನೋಡದಂತೆ ಬಿಡುತ್ತಿದ್ದ. ಕಬ್ಬಿಣವನ್ನು ಮಾತ್ರ ಬಿಡುತ್ತಿರಲಿಲ್ಲ. ಹಸಿಮರದ ಗಾಡಿಯ ಅಚ್ಚು ಮುರಿದರೆ ಕಟ್ಟಬೇಕಾದವನು ಅವನೇ. ಹಿಂದಿನ ದಿನವಷ್ಟೇ ಒಂದು ಇಸ್ತ್ರಿಪೆಟ್ಟಿಗೆ ಹುಲ್ಲು ಸೇರಿತ್ತು.

ಅವನು ಕೆಜಾಯಾಳ ಹೊಟ್ಟೆಯನ್ನೇ ನೋಡಿದ.

"ಏನಕ್ಕಾ, ನಿನ್ನೆ ಇರ್ಲಿಲ್ವಲ್ಲ ಇದು?"

"ಬೈಬಲಿನ ಸಾರಾಗೆ ತೊಂಬತ್ತರಲ್ಲಿ ಮಗು ಆಯ್ತು ಕಣಣ್ಣ. ಅವಳ ಮುಂದೆ ನಾನಿನ್ನೂ ಹುಡುಗಿ."

"ಸಾರಾಳ ಗಂಡ ಅಬ್ರಹಾಮ, ಇವಳ ಅಬ್ರಹಾಮ ಯಾರೂಂತ ಮಾತ್ರ ಕೇಳ್ಬೇಡಿ," ಎಂದಳು ಹಿಂದೆ ನಿಂತಿದ್ದ ಡೇರೆಯ ಜೊತೆಗಾತಿ ಗ್ವೆನ್ಲಿಯನ್.

ಲೆವೈ ನಗಲಿಲ್ಲ. ಇಂಥ ಕೃಪೆಗೆ ದೇವರನ್ನು ಸ್ತುತಿಸದಿದ್ದರೆ ತಪ್ಪಾಗುತ್ತದೆ, ಎಲ್ಲರೂ ಮೊಣಕಾಲೂರಿ ಎಂದ.

ಕೆಜಾಯಾ ಎಲ್ಲವನ್ನೂ ಯೋಚಿಸಿದ್ದಳು, ಇದೊಂದನ್ನು ಬಿಟ್ಟು. ಬೆಳಗಾದರೆ ರಾತ್ರಿಯಾದರೆ ಮೊಣಕಾಲೂರುವ ಜನದ ನಡುವೆ ಇದ್ದೂ ಅವಳಿಗೆ ಅದು ಹೊಳೆದಿರಲಿಲ್ಲ. ಬಗ್ಗಿದಳು. ಕಾವಲಿಯ ಅಂಚು ಪಕ್ಕೆಲುಬಿಗೆ ಒತ್ತಿತು. ಲೆವೈ ಪ್ರಾರ್ಥನೆಯನ್ನು ಮೋಶೆಯಿಂದ ಶುರುಮಾಡಿ ನಿಧಾನವಾಗಿ ಸಾರಾಳ ಹತ್ತಿರ ಬಂದ. ಸುಖಪ್ರಸವವಾಗಲಿ ಎನ್ನುವಷ್ಟರಲ್ಲಿ ಹೊಟ್ಟೆಯ ಕಟ್ಟು ಸಡಿಲಿತು. ಕಾವಲಿ ನಾಲ್ಕೂ ಲಂಗಗಳೊಳಗಿಂದ ಜಾರಿ ಕಲ್ಲಿನ ಮೇಲೆ ಬಿದ್ದು ಚರ್ಚಿನ ಗಂಟೆಯಂತೆ ಮೊಳಗಿತು.

"ಆಮೆನ್," ಎಂದ ಲೆವೈ. ಆಮೇಲೆ ಕಾವಲಿಯ ಕಡೆ ಬೆರಳು ತೋರಿದ. "ಹೆರಿಗೆ ಆಯ್ತಲ್ಲಕ್ಕಾ. ಮಗೂಗೆ ಹತ್ತು ಪೌಂಡು, ಪೌಂಡಿಗೆ ಹದಿನಾರೇ ಔನ್ಸು. ಒಂದು ಕೂದಲೆಳೆ ಜಾಸ್ತಿ ಬಂದ್ರೂ ಮಗು ಇಲ್ಲೇ. ಒಪ್ಪಿಗೇನಾ?"

ಕೆಜಾಯಾ ಒಪ್ಪಿದಳು. ಆದರೆ ಜನ್ಮದಲ್ಲಿ ಅವಳು ಅದನ್ನು ತೂಗಿರಲಿಲ್ಲ. ಕಾವಲಿಯನ್ನು ತಿರುಗಿಸಿ ನೋಡಿದಳು. ಬೆನ್ನಿಗೆ ಮೂರು ತಲೆಮಾರಿನ ಮಸಿ, ಜಿಡ್ಡು ಗಟ್ಟಿಯಾಗಿ ಅಂಟಿತ್ತು.

"ತಡಿಯಣ್ಣ. ಸ್ನಾನ ಮಾಡಿಸ್ದೆ ಯಾರಾದ್ರೂ ಮಗೂನ ತೂಗ್ತಾರಾ?"

ಅಲ್ಲೇ ಕುಕ್ಕರಗಾಲಿನಲ್ಲಿ ಕೂತು ಕಲ್ಲಿನಿಂದ ಕೆರೆದಳು, ಮರಳು ಹಾಕಿ ಉಜ್ಜಿದಳು. ಗ್ವೆನ್ಲಿಯನ್ ನೀರು ಹುಯ್ದಳು. ಇಡೀ ಸಾಲು ಕಾಯಿತು. ಕೊನೆಗೆ ಲಂಗದಿಂದ ಒರೆಸಿ ಒಣಗಿಸಿ ಅವಳೇ ತಕ್ಕಡಿಗಿಟ್ಟಳು. ಲೆವೈ ಬಗ್ಗಿ ಎರಡು ಸಲ ನೋಡಿ, ಗಟ್ಟಿಯಾಗಿ ಓದಿದ.

ಒಂಬತ್ತು ಪೌಂಡ್ ಹದಿನೈದು ಔನ್ಸ್.